ಏಪ್ರಿಲ್ 1ರಿಂದ ನಿಮ್ಮ ಬಿಲ್ಲಿಂಗ್ ತಂತ್ರಾಂಶ ಬೇರೆ ಕಂಪನಿಯ ಕೈಗೆ: ಅದಕ್ಕೂ ಮೊದಲು ಮಾಡಿಕೊಳ್ಳಬೇಕಾದ ಕೆಲಸಗಳು

ಮಾನ್ಯ ಗ್ರಾಹಕರೇ,

ಅಂಗಡಿ, ಅಡಿಕೆ ಮಂಡಿ, ಸಹಕಾರ ಸಂಘಗಳಲ್ಲಿ ನೀವು ಬಳಸುತ್ತಿರುವ ನಮ್ಮ ಬಿಲ್ಲಿಂಗ್ ಮತ್ತು ಲೆಕ್ಕದ ತಂತ್ರಾಂಶವನ್ನು ಬೆಂಗಳೂರಿನ ಒಂದು ದೊಡ್ಡ ಕಂಪನಿಗೆ ಮಾರಿದ್ದೇವೆ. ಬರುವ ಏಪ್ರಿಲ್ 1ರಿಂದ ಅದನ್ನು ನಡೆಸುವವರು ಅವರು. ಅವರ ಹೆಸರು, ವಿಳಾಸ, ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಜೊತೆಗಿಟ್ಟ ಹಾಳೆಯಲ್ಲಿವೆ. ಬ್ಯಾಂಕ್ ಖಾತೆಯ ವಿವರವನ್ನು ಬೇಕೆಂದೇ ಅದರಲ್ಲಿ ಹಾಕಿಲ್ಲ. ಯಾಕೆಂದು ಮುಂದೆ ಹೇಳಿದ್ದೇವೆ.

ಮಾರಿದ ಕಾರಣ ದೊಡ್ಡದೇನಲ್ಲ. ಬಿಲ್ಲಿಂಗ್ ತಂತ್ರಾಂಶವನ್ನು ಒಮ್ಮೆ ಕಟ್ಟಿದರೆ ಕೆಲಸ ಮುಗಿಯುವುದಿಲ್ಲ, ಸರ್ಕಾರದ ನಿಯಮ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. ಇ-ಇನ್ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಪದ್ಧತಿ) 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನ ಮೇಲಿನವರಿಗೆ ಬಂತು. 2023ರ ಆಗಸ್ಟ್ ಹೊತ್ತಿಗೆ ಆ ಮಿತಿ 5 ಕೋಟಿಗೆ ಇಳಿದಿತ್ತು. ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯ ಜಾಡು ಉಳಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಬಂತು. 2025ರ ಸೆಪ್ಟೆಂಬರ್ 22ರಂದು ಶೇ. 12 ಮತ್ತು 28ರ ತೆರಿಗೆ ದರಗಳು ಬಹುಪಾಲು ಹೋಗಿ, ಎಲ್ಲರ ಐಟಂ ಪಟ್ಟಿಯನ್ನೂ ರಾತ್ರೋರಾತ್ರಿ ತಿದ್ದಬೇಕಾಯಿತು. ಕೋಡ್ ಪೂರ್ತಿ ಬಲ್ಲವರು ಇಬ್ಬರೇ ಇರುವ ಸಂಸ್ಥೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನಿಮ್ಮ ಮಾರಾಟದ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-1) ತಡವಾಗುತ್ತದೆ. ಹಾಗಾಗುವ ಮೊದಲೇ ಕೈ ಬದಲಾಯಿಸಿದ್ದೇವೆ.

ಕಂಪನಿ ಮಾರುವುದರಲ್ಲಿ ಎರಡು ಬಗೆ. ಷೇರುಗಳನ್ನು ಮಾರಿದರೆ ಮಾಲೀಕರು ಬದಲಾಗುತ್ತಾರೆ, ಕಂಪನಿ ಅದೇ ಇರುತ್ತದೆ. ಗ್ರಾಹಕರಿಗೆ ಏನೂ ತಿಳಿಯುವುದೂ ಇಲ್ಲ. ವ್ಯವಹಾರವನ್ನಷ್ಟೇ ಎತ್ತಿ ಇನ್ನೊಂದು ಕಂಪನಿಗೆ ಕೊಡುವುದು ಸ್ಲಂಪ್ ಸೇಲ್. ಹಳೇ ಕಂಪನಿಯ ಹಳೇ ಬಾಧ್ಯತೆ ತಮ್ಮ ತಲೆಗೆ ಬರಬಾರದೆಂದು ಕೊಳ್ಳುವವರು ಸಾಮಾನ್ಯವಾಗಿ ಎರಡನೆಯದನ್ನೇ ಕೇಳುತ್ತಾರೆ. ಇಲ್ಲೂ ಅದೇ ಆಗಿದೆ. ಅವರಿಗೆ ಅದು ಅನುಕೂಲ, ತೊಂದರೆ ಮಾತ್ರ ನಿಮಗೆ: ಪ್ಯಾನ್, ಜಿಎಸ್‌ಟಿಐಎನ್, ಬ್ಯಾಂಕ್ ಖಾತೆ, ಆಟೋಪೇ, ಎಸ್‌ಎಂಎಸ್ ಹೆಡರ್ (ಸಂದೇಶ ಕಳಿಸಿದವರೆಂದು ಕಾಣುವ ಹೆಸರು) ಎಲ್ಲವೂ ಬದಲಾಗುತ್ತವೆ.

ಹಣ ಮತ್ತು ತೆರಿಗೆ

ಜಿಎಸ್‌ಟಿಐಎನ್‌ನ 15 ಅಕ್ಷರಗಳಲ್ಲಿ ಮೂರರಿಂದ ಹನ್ನೆರಡನೆಯವು ಪ್ಯಾನ್. ಆದ್ದರಿಂದ ಏಪ್ರಿಲ್‌ನಿಂದ ನಿಮ್ಮ ಖರೀದಿಗಳ ಜಿಎಸ್‌ಟಿ ಪಟ್ಟಿಯಾದ 2ಬಿಯಲ್ಲಿ ನಮ್ಮ ಹೆಸರು ಕಾಣುವುದಿಲ್ಲ, ಅವರದು ಕಾಣುತ್ತದೆ. ಲೆಕ್ಕ ಬರೆಯುವವರು ಹಳೇ ಲೆಡ್ಜರಿಗೇ ಬಿಲ್ ಹಾಕಿದರೆ ತಾಳೆ ಆಗುವುದಿಲ್ಲ. ಅವರ ಹೆಸರಿನಲ್ಲಿ ಹೊಸ ಲೆಡ್ಜರ್ ತೆರೆಯಿರಿ. ಹಳೆಯದರಲ್ಲಿ ಜಿಎಸ್‌ಟಿಐಎನ್ ತಿದ್ದಬೇಡಿ, ತಿದ್ದಿದರೆ ಮಾರ್ಚ್‌ವರೆಗಿನ ಬಿಲ್‌ಗಳೂ ಕೆಡುತ್ತವೆ. ಟಿಡಿಎಸ್ ಹಿಡಿಯುವವರು ಮಾರ್ಚ್ 31ರವರೆಗಿನ ಬಿಲ್ಲಿಗೆ ನಮ್ಮ ಪ್ಯಾನ್, ಆಮೇಲಿನ ಬಿಲ್ಲಿಗೆ ಅವರ ಪ್ಯಾನ್ ಹಾಕಬೇಕು.

ಯುಪಿಐ ಆಟೋಪೇ ಅಪ್ಪಣೆಯನ್ನು ನೀವು ಕೊಟ್ಟಿರುವುದು ನಮ್ಮ ಖಾತೆಗೆ. ಅದನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಮಾರ್ಚ್ 31ಕ್ಕೆ ನಮ್ಮ ಕಡೆಯಿಂದ ಎಲ್ಲ ಅಪ್ಪಣೆಗಳನ್ನೂ ರದ್ದು ಮಾಡುತ್ತೇವೆ. ಏಪ್ರಿಲ್ 2ರ ನಂತರವೂ ನಿಮ್ಮ ಫೋನಿನ ಆಟೋಪೇ ಪಟ್ಟಿಯಲ್ಲಿ ನಮ್ಮ ಹೆಸರು ಕಂಡರೆ ನೀವೇ ರದ್ದು ಮಾಡಿ. ಹೊಸದನ್ನು ತಂತ್ರಾಂಶದ ಒಳಗಿನ ನವೀಕರಣದ ಪುಟದಿಂದ ಮಾತ್ರ ಮಾಡಿ.

ಬ್ಯಾಂಕ್ ವಿವರ ಹಾಕದಿರುವ ಕಾರಣ ಇಷ್ಟೇ. ಕಂಪನಿ ಕೈ ಬದಲಾಗುವ ಸುದ್ದಿ ಹರಡಿದ ವಾರವೇ "ನಮ್ಮ ಹೊಸ ಖಾತೆ ಇದು" ಎಂಬ ಕಳ್ಳ ಸಂದೇಶಗಳು ಹೊರಡುತ್ತವೆ. ಇಂಥ ಪತ್ರವನ್ನು ನಕಲು ಮಾಡಿ ಖಾತೆ ಸಂಖ್ಯೆಯನ್ನಷ್ಟೇ ಬದಲಿಸುವುದು ಸುಲಭ. ಆದ್ದರಿಂದ ಪತ್ರ, ವಾಟ್ಸ್‌ಆ್ಯಪ್, ಫೋನ್ ಮೂಲಕ ಬಂದ ಯಾವ ಖಾತೆಗೂ ಹಣ ಹಾಕಬೇಡಿ. ತಂತ್ರಾಂಶದೊಳಗೆ ಬರುವ ಬಿಲ್ಲಿನ ಖಾತೆಯೊಂದೇ ಸರಿಯಾದದ್ದು. ನೆಫ್ಟ್ ಮಾಡುವಾಗ ಹಣ ಪಡೆಯುವವರ ಹೆಸರನ್ನು ಬ್ಯಾಂಕೇ ತೋರಿಸುತ್ತದೆ. ಹಾಳೆಯಲ್ಲಿರುವ ಹೆಸರಿಗೂ ಅದಕ್ಕೂ ಒಂದಕ್ಷರ ಬೇರೆಯಾದರೂ ನಿಲ್ಲಿಸಿ, ಹಳೇ ಬಿಲ್ಲಿನಲ್ಲಿ ಅಚ್ಚಾಗಿರುವ ನಮ್ಮ ನಂಬರಿಗೆ ಫೋನ್ ಮಾಡಿ.

ವರ್ಷದ ಚಂದಾ ಮೊದಲೇ ಕಟ್ಟಿದವರಿಗೆ ಉಳಿದ ತಿಂಗಳುಗಳು ಹಾಗೇ ನಡೆಯುತ್ತವೆ, ಮತ್ತೆ ಬಿಲ್ ಬರುವುದಿಲ್ಲ. ಮುಂದುವರಿಯಲು ಇಷ್ಟವಿಲ್ಲದವರು ಮಾರ್ಚ್ 20ರೊಳಗೆ ಬರೆದು ತಿಳಿಸಿದರೆ ಉಳಿದ ತಿಂಗಳ ಹಣವನ್ನು ತೆರಿಗೆ ಸಮೇತ ಹಿಂದಿರುಗಿಸಿ ಕ್ರೆಡಿಟ್ ನೋಟ್ ಕೊಡುತ್ತೇವೆ. ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ನೀವು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ) ಪಡೆದಿದ್ದರೆ ನೀವು ಅದನ್ನು ವಾಪಸ್ ತೋರಿಸಬೇಕು.

ಇ-ಇನ್ವಾಯ್ಸ್ ಮಾಡುವವರು ಇದನ್ನು ತಪ್ಪಿಸಬೇಡಿ

ಹೊಸ ಕಂಪನಿ ಬಳಸುವ ಜಿಎಸ್‌ಪಿ (ತಂತ್ರಾಂಶವನ್ನು ಸರ್ಕಾರದ ಪೋರ್ಟಲ್‌ಗೆ ಜೋಡಿಸುವ ಸಂಸ್ಥೆ) ಬೇರೆ. ಇ-ಇನ್ವಾಯ್ಸ್ ಪೋರ್ಟಲ್‌ಗೆ ನಿಮ್ಮ ಹೆಸರಿನಲ್ಲಿ ಹೋಗಿ, ಎಪಿಐ ನೋಂದಣಿಯಲ್ಲಿ ಹೊಸ ಬಳಕೆದಾರರನ್ನು ಮಾಡಿ, ಹಾಳೆಯಲ್ಲಿ ಬರೆದಿರುವ ಜಿಎಸ್‌ಪಿಯನ್ನು ಆರಿಸಿ, ಬಂದ ಹೆಸರು ಮತ್ತು ಪಾಸ್‌ವರ್ಡನ್ನು ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ತುಂಬಿ. ಮಾಡದಿದ್ದರೆ ಏಪ್ರಿಲ್ 1ರ ಮೊದಲ ಬಿಲ್ಲಿಗೇ ಐಆರ್‌ಎನ್ (ಪೋರ್ಟಲ್ ಕೊಡುವ ಬಿಲ್ಲಿನ ಗುರುತು ಸಂಖ್ಯೆ) ಹುಟ್ಟುವುದಿಲ್ಲ, ಲಾರಿ ಮಂಡಿಯ ಬಾಗಿಲಲ್ಲೇ ನಿಲ್ಲುತ್ತದೆ. ಬಿಲ್ ನಂಬರಿನ ವಿಷಯವೂ ಇದೆ. ಹೊಸ ಆವೃತ್ತಿ ನಂಬರಿನ ಮುಂದೆ ಶಾಖೆಯ ಸಂಕೇತವನ್ನು ತಾನಾಗಿ ಸೇರಿಸುತ್ತದೆ. ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ. ಗೀಟು, ಓರೆಗೆರೆಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಉದ್ದ ಮುಂಪದ ಇಟ್ಟುಕೊಂಡವರು ಈಗಲೇ ಮೊಟಕು ಮಾಡಿ.

ನಿಮ್ಮ ಲೆಕ್ಕದ ಪ್ರತಿ ನಿಮ್ಮ ಕೈಯಲ್ಲಿರಲಿ

ಎಲ್ಲ ಲೆಕ್ಕವನ್ನೂ ನಾವೇ ಹೊಸ ಸರ್ವರಿಗೆ ದಾಟಿಸುತ್ತೇವೆ. ಆದರೂ ಮಾರ್ಚ್ 25ರೊಳಗೆ ಒಂದು ಪೂರ್ತಿ ಪ್ರತಿ ಇಳಿಸಿಕೊಳ್ಳಿ. ವರದಿಗಳ ಪುಟದಲ್ಲಿ "ಪೂರ್ಣ ರಫ್ತು" ಒತ್ತಿದರೆ ಒಂದು ಜಿಪ್ ಕಡತ, ಅದರೊಳಗೆ ಆರು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ) ಕಡತಗಳು ಬರುತ್ತವೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಸಿಎಸ್‌ವಿ ಮೇಲೆ ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದು. ಆಗ ಮೂರು ಹಾನಿ ಒಟ್ಟಿಗೇ ಆಗುತ್ತದೆ. ಕನ್ನಡವೆಲ್ಲ ಅರ್ಥವಿಲ್ಲದ ಗುರುತುಗಳಾಗುತ್ತದೆ. ಸದಸ್ಯ ಸಂಖ್ಯೆ 000127 ಇದ್ದದ್ದು ಬರೀ 127 ಆಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಂಕ್ ಖಾತೆ ಸಂಖ್ಯೆಯದು: ಎಕ್ಸೆಲ್ 15 ಅಂಕಿಗಳಷ್ಟನ್ನೇ ನೆನಪಿಟ್ಟುಕೊಳ್ಳುತ್ತದೆ, 16ನೆಯದರಿಂದ ಸೊನ್ನೆ ಹಾಕುತ್ತದೆ. ಸೇವ್ ಮಾಡಿದ ಮೇಲೆ ಆ ಅಂಕಿ ಮತ್ತೆ ಸಿಗುವುದಿಲ್ಲ.

ಸರಿಯಾದ ದಾರಿ ಹೀಗೆ. ಖಾಲಿ ಎಕ್ಸೆಲ್ ಹಾಳೆ ತೆರೆಯಿರಿ. ಡೇಟಾ ಪಟ್ಟಿಯಿಂದ "ಫ್ರಮ್ ಟೆಕ್ಸ್ಟ್/ಸಿಎಸ್‌ವಿ" ಆರಿಸಿ. ಫೈಲ್ ಒರಿಜಿನ್ ಎಂಬಲ್ಲಿ 65001, ಯೂನಿಕೋಡ್ ಯುಟಿಎಫ್-8 ಇಡಿ. ಟ್ರಾನ್ಸ್‌ಫಾರ್ಮ್ ಒತ್ತಿ ಸದಸ್ಯ ಸಂಖ್ಯೆ, ಫೋನ್, ಖಾತೆ ಸಂಖ್ಯೆ ಕಾಲಂಗಳನ್ನು ಟೆಕ್ಸ್ಟ್ ಎಂದು ಬದಲಿಸಿ, ಆಮೇಲೆ ಲೋಡ್ ಮಾಡಿ. ಮೂಲ ಜಿಪ್ ಕಡತವನ್ನು ಮುಟ್ಟದೆ ಪೆನ್‌ಡ್ರೈವ್‌ನಲ್ಲಿ ಬೇರೆ ಇಡಿ.

ಹಳೇ ಗ್ರಾಹಕರಿಗೆ ಇನ್ನೊಂದು ಮಾತು. ಯೂನಿಕೋಡ್‌ಗೆ ಬರುವ ಮೊದಲು ನುಡಿ ಅಕ್ಷರಶೈಲಿಯಲ್ಲಿ ತುಂಬಿದ ಹೆಸರುಗಳು ಕೆಲವರ ಪಟ್ಟಿಯಲ್ಲಿ ಇನ್ನೂ ಇವೆ. ದಾಟಿಸುವಾಗ ಅವನ್ನು ಪರಿವರ್ತಿಸುತ್ತೇವೆ. ಕೆಡುವುದು ಅರ್ಕಾವೊತ್ತು ಇರುವ ಕಡೆ. ಹಳೇ ಪದ್ಧತಿಯಲ್ಲಿ ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಅಕ್ಷರದ ಮೊದಲೇ ಬರಬೇಕು. ಎಡವಿದರೆ "ಕರ್ನಾಟಕ" ಹೋಗಿ "ಕನಾರ್ಟಕ" ಆಗುತ್ತದೆ. ಇನ್ನೊಂದು ಕಣ್ಣಿಗೇ ಕಾಣದ್ದು: "ರಾಜ್‌ಕುಮಾರ್" ಎಂಬಲ್ಲಿ ಜಕಾರಕ್ಕೂ ಕಕಾರಕ್ಕೂ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದಿದೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಬಿಟ್ಟುಹೋದರೆ ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಜನ. ಒಬ್ಬರದೇ ಬಾಕಿ ಎರಡು ಖಾತೆಗೆ ಹಂಚಿಹೋಗುತ್ತದೆ. ಏಪ್ರಿಲ್ ಮೊದಲ ವಾರ ಸದಸ್ಯರ ಪಟ್ಟಿಯನ್ನು ಹೆಸರಿನ ಬದಲು ಫೋನ್ ನಂಬರಿನ ಪ್ರಕಾರ ಜೋಡಿಸಿ ನೋಡಿ. ಒಂದೇ ನಂಬರ್ ಎರಡು ಸಲ ಬಂದ ಕಡೆ ಇಂಥದ್ದೇ ಏನೋ ಆಗಿರುತ್ತದೆ.

ಲೆಕ್ಕ ಸರಿಯಾಗಿ ದಾಟಿದೆಯೇ ಎಂದು ನೋಡಲು ನಾಲ್ಕು ಅಂಕಿ ಸಾಕು: ಮಾರ್ಚ್ 31ರ ಕೈನಗದು, ಟ್ರಯಲ್ ಬ್ಯಾಲೆನ್ಸಿನ (ಎಲ್ಲ ಖಾತೆಗಳ ತಾಳೆಪಟ್ಟಿಯ) ಒಟ್ಟು, ಬರಬೇಕಾದ ಬಾಕಿಯ ಒಟ್ಟು, ಕೊನೆಯ ಬಿಲ್ ನಂಬರ್. ಅಂದು ಸಂಜೆ 8ರೊಳಗೆ ಬರೆದಿಟ್ಟುಕೊಂಡು ಮರುದಿನ ಹೋಲಿಸಿ. ಮಂಡಿಯವರು ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಇಟ್ಟಿರುವ ದಾಸ್ತಾನಿನ ತೂಕವನ್ನೂ ಹೋಲಿಸಿ. ಒಟ್ಟು ಸರಿ ಇದ್ದು ಬಗೆಗಳು ಅದಲುಬದಲಾದರೆ ಟ್ರಯಲ್ ಬ್ಯಾಲೆನ್ಸ್ ಅದನ್ನು ಹೇಳುವುದಿಲ್ಲ.

ಪ್ರಿಂಟರ್ ಮತ್ತು ಎಸ್‌ಎಂಎಸ್

ಕಡಿಮೆ ಬೆಲೆಯ ಥರ್ಮಲ್ ಪ್ರಿಂಟರುಗಳ ಒಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆದ್ದರಿಂದ ಬಿಲ್ಲನ್ನು ಚಿತ್ರವಾಗಿಸಿ ಕಳಿಸುತ್ತೇವೆ. ಹೊಸ ಆವೃತ್ತಿಯಲ್ಲಿ ಈ ಸೆಟ್ಟಿಂಗ್ ಮೊದಲ ಸಲ "ಅಕ್ಷರ" ಎಂದೇ ಇರುತ್ತದೆ. ಬದಲಿಸದಿದ್ದರೆ ಕನ್ನಡವಿದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. "ಚಿತ್ರ" ಎಂದು ಮಾಡಿ, ಅಗಲವನ್ನು 58 ಮಿ.ಮೀ. ಕಾಗದಕ್ಕೆ 384 ಚುಕ್ಕಿ, 80 ಮಿ.ಮೀ. ಕಾಗದಕ್ಕೆ 576 ಚುಕ್ಕಿ ಇಡಿ. ಸಣ್ಣ ಕಾಗದಕ್ಕೆ 576 ಇಟ್ಟರೆ ಬಲತುದಿಯ ಮೊತ್ತದ ಕಾಲಂ ಕತ್ತರಿಸಿಹೋಗುತ್ತದೆ, ಗಿರಾಕಿಗೆ ಕಾಣಬೇಕಾದದ್ದು ಅದೇ.

ನಮ್ಮ ಹೆಡರಿನಿಂದ ಹೋಗುತ್ತಿದ್ದ ಎಸ್‌ಎಂಎಸ್‌ಗಳು ಇನ್ನು ಅವರ ಹೆಡರಿನಿಂದ ಹೋಗುತ್ತವೆ, ನೀವೇನೂ ಮಾಡಬೇಕಿಲ್ಲ. ನಿಮ್ಮದೇ ಹೆಡರ್ ನೋಂದಾಯಿಸಿಕೊಂಡಿದ್ದರೆ ಮಾತ್ರ ಡಿಎಲ್‌ಟಿ ಪೋರ್ಟಲ್‌ನಲ್ಲಿ (ವ್ಯಾಪಾರಿ ಎಸ್‌ಎಂಎಸ್‌ಗಳ ನೋಂದಣಿ ತಾಣ) ಹೊಸ ಟೆಲಿಮಾರ್ಕೆಟರನ್ನು (ಸಂದೇಶ ಸಾಗಿಸುವ ಸಂಸ್ಥೆ) ಸರಪಳಿಗೆ ಸೇರಿಸಿ. ಸರಪಳಿಯ ಒಂದು ಕೊಂಡಿ ತಪ್ಪಿದರೂ ಸಂದೇಶ ತಿರಸ್ಕಾರವಾಗುತ್ತದೆ.

ಕೊಂಡವರು ಮುಚ್ಚಿಬಿಟ್ಟರೆ?

ಫೋನ್ ಮಾಡಿದ ಬಹುತೇಕರು ಕೇಳಿದ್ದು ಇದನ್ನೇ. ಕೇಳುವುದು ಸರಿ. ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುವ ತಂತ್ರಾಂಶ ಮಾಡುತ್ತಿದ್ದ ಬೆಂಗಳೂರಿನ ಲಿಟಲ್ ಐ ಲ್ಯಾಬ್ಸನ್ನು 2014ರ ಜನವರಿಯಲ್ಲಿ ಫೇಸ್‌ಬುಕ್ ಕೊಂಡಾಗ ತಂಡ ಅಮೆರಿಕಕ್ಕೆ ಹೋಯಿತು. ಹಳೇ ಗ್ರಾಹಕರಿಗೆ ಸಿಕ್ಕಿದ್ದು ಆ ವರ್ಷದ ಜೂನ್ ಕೊನೆಯವರೆಗೆ ಉಚಿತ ಆವೃತ್ತಿ. 2015ರಲ್ಲಿ ಓಲಾ ಕೊಂಡ ಟ್ಯಾಕ್ಸಿ ಸೇವೆ ಟ್ಯಾಕ್ಸಿಫಾರ್‌ಶ್ಯೂರ್ 2016ರಲ್ಲಿ ಮುಚ್ಚಿತು. ಬರ್ಲಿನ್‌ನ ಕೆಲಸಪಟ್ಟಿ ಆ್ಯಪ್ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರ ಮೇನಲ್ಲಿ ನಿಲ್ಲಿಸಿತು; ನಡುವೆ ಅದನ್ನು ಕಟ್ಟಿದವರೇ ಮರಳಿ ಕೊಳ್ಳುತ್ತೇನೆಂದು ಬಹಿರಂಗವಾಗಿ ಕೇಳಿದರೂ ಆಗಲಿಲ್ಲ. ಇತ್ತ 2013ರಲ್ಲಿ ಮಾರಾಟವಾದ ರೆಡ್‌ಬಸ್, 2014ರಲ್ಲಿ ಮಾರಾಟವಾದ ಮಿಂತ್ರಾ ತಮ್ಮ ಹೆಸರಿನಲ್ಲೇ ನಡೆಯುತ್ತಿವೆ. ಕೊಂಡವರಿಗೆ ಬೇಕಾದದ್ದು ಜನವಾದರೆ ಉತ್ಪನ್ನ ಬೇಗ ಸಾಯುತ್ತದೆ. ಗ್ರಾಹಕರು ಬೇಕಾದರೆ ಕೆಲವು ವರ್ಷ ನಡೆದು ಕೊನೆಗೆ ಅವರದರೊಳಗೇ ಸೇರಿಹೋಗುತ್ತದೆ. ನಮ್ಮದು ಈ ಎರಡನೇ ಬಗೆ ಎಂದೇ ನಮ್ಮ ಅಂದಾಜು.

ದತ್ತಾಂಶದ ವಿಷಯದಲ್ಲಿ ಬಾಯಿಮಾತು ನಿಲ್ಲುವುದಿಲ್ಲ ಎನ್ನುವುದಕ್ಕೆ ವಾಟ್ಸ್‌ಆ್ಯಪ್ ಇದೆ. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಾಗ ನಡೆದ ಪರಿಶೀಲನೆಯಲ್ಲಿ ಎರಡೂ ಕಡೆಯ ಖಾತೆಗಳನ್ನು ತಾನಾಗಿ ಹೊಂದಿಸಲು ಸರಿಯಾಗಿ ಆಗುವುದಿಲ್ಲವೆಂದು ಫೇಸ್‌ಬುಕ್ ಹೇಳಿತ್ತು. 2016ರಲ್ಲಿ ಹೊಸ ನಿಯಮಗಳಲ್ಲಿ ಅದಕ್ಕೇ ದಾರಿ ಮಾಡಿತು. ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಯುರೋಪಿಯನ್ ಆಯೋಗ 2017ರ ಮೇನಲ್ಲಿ 11 ಕೋಟಿ ಯೂರೋ ದಂಡ ಹಾಕಿತು. ದಂಡ ಬಿತ್ತು, ವ್ಯವಸ್ಥೆ ಮಾತ್ರ ಹಿಂದಿನಂತಾಗಲಿಲ್ಲ.

ಆದ್ದರಿಂದ ಮಾರಾಟದ ಕರಾರಿನಲ್ಲೇ ಬರೆಸಿರುವುದನ್ನಷ್ಟೇ ನಿಮಗೆ ಹೇಳುತ್ತೇವೆ. 24 ತಿಂಗಳು ಚಂದಾ ಏರಿಸುವಂತಿಲ್ಲ. ಪೂರ್ಣ ರಫ್ತು ಗುಂಡಿ ತೆಗೆಯುವಂತಿಲ್ಲ. ನಿಲ್ಲಿಸುವುದಾದರೆ 180 ದಿನ ಮೊದಲು ತಿಳಿಸಬೇಕು. ನಿಮ್ಮ ಗಿರಾಕಿಗಳ ಫೋನ್ ನಂಬರುಗಳನ್ನು ಸಾಲದ, ವಿಮೆಯ ಪ್ರಚಾರಕ್ಕೆ ಬಳಸುವಂತಿಲ್ಲ. ಕೊನೆಯದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. 24 ತಿಂಗಳ ನಂತರದ ಬೆಲೆಯ ಬಗ್ಗೆ ಕರಾರಿನಲ್ಲಿ ಏನೂ ಇಲ್ಲ. ಏರುತ್ತದೆಂದೇ ಲೆಕ್ಕ ಹಾಕಿಕೊಳ್ಳಿ.

ಒಂದನ್ನು ಮುಚ್ಚಿಡುವುದು ಸರಿಯಲ್ಲ. ಮಾರಾಟದ ಹಣದಲ್ಲಿ ನೂರಕ್ಕೆ ಇಪ್ಪತ್ತು ಭಾಗ ನಮಗೆ ಬರುವುದು ಒಂದು ವರ್ಷದ ನಂತರ, ನಿಮ್ಮಲ್ಲಿ ಎಷ್ಟು ಜನ ಚಂದಾ ಮುಂದುವರಿಸಿದ್ದೀರಿ ಎಂಬುದರ ಮೇಲೆ. ಅಂದರೆ ನೀವು ಉಳಿದರೆ ನಮಗೆ ಲಾಭ. ಹೊಸ ಕಂಪನಿಯನ್ನು ನಾವು ಹೊಗಳಿದಾಗ ಅಷ್ಟು ಸೋಡಿ ಬಿಟ್ಟು ಕೇಳಿಸಿಕೊಳ್ಳಿ.

ಹೋಗುವವರ ಲೆಕ್ಕವನ್ನು ಹೊಸ ಸರ್ವರಿಗೆ ಕಳಿಸುವುದಿಲ್ಲ. ನೀವು ಪ್ರತಿ ಇಳಿಸಿಕೊಂಡಿದ್ದೇವೆಂದು ತಿಳಿಸಿದ ಮೇಲೆ ನಮ್ಮಲ್ಲಿ ಅಳಿಸುತ್ತೇವೆ. ಬ್ಯಾಕಪ್‌ಗಳಿಂದ ಪೂರ್ತಿ ಹೋಗಲು 35 ದಿನ ಹಿಡಿಯುತ್ತದೆ. ಇಳಿಸಿಕೊಳ್ಳದೆ ಅಳಿಸಿ ಎನ್ನಬೇಡಿ: ಜಿಎಸ್‌ಟಿ ಲೆಕ್ಕದ ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕಾದವರು ನೀವು.

ಮಾರ್ಚ್ 31ರ ಸಂಜೆ 8ರಿಂದ ಏಪ್ರಿಲ್ 1ರ ಬೆಳಗ್ಗೆ 6ರವರೆಗೆ ತಂತ್ರಾಂಶ ಕೆಲಸ ಮಾಡುವುದಿಲ್ಲ. ಆ ರಾತ್ರಿ ಬಿಲ್ ಮಾಡಲೇಬೇಕಾದವರು ಕೈಬರಹದ ಬಿಲ್ ಪುಸ್ತಕ ಇಟ್ಟುಕೊಳ್ಳಿ. ಅದಕ್ಕೆ ಬೇರೆಯದೇ ಸರಣಿಯ ನಂಬರ್ ಹಾಕಿ, ಬಿಲ್ ಬರೆದ ದಿನಾಂಕದಲ್ಲೇ ಆಮೇಲೆ ತುಂಬಿ. ಏಪ್ರಿಲ್ 1ರಿಂದ 15ರವರೆಗೆ ನಮ್ಮ ಹಳೇ ನಂಬರಿನಲ್ಲಿ ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ನಾವೇ ಫೋನ್ ಎತ್ತುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸಂಸ್ಥಾಪಕರು, ಶಿವಮೊಗ್ಗ