ನುಂಗಿದ ಗುಳಿಗೆಯ ಲೆಕ್ಕ ಕೇಳಿ: ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಆನೆಕಾಲು ರೋಗ ಹರಡದಂತೆ ಮನೆಮನೆಗೆ ಹೋಗಿ ಗುಳಿಗೆ ಕೊಡುವ ಸುತ್ತು ಮುಗಿದಾಗಲೆಲ್ಲ ಶೇಕಡಾವಾರು ಅಂಕಿಯೊಂದು ನಿಮ್ಮ ಮೇಜಿಗೆ ಬರುತ್ತದೆ. ಅದು ಹಂಚಿದ ಗುಳಿಗೆಯದೋ, ನುಂಗಿದ ಗುಳಿಗೆಯದೋ ಎಂದು ದಯವಿಟ್ಟು ಒಮ್ಮೆ ಕೇಳಿ. ಈ ಪತ್ರ ಅದಕ್ಕಾಗಿಯೇ.

ನಾನು ಸುರಪುರ ತಾಲ್ಲೂಕಿನವನು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ವೈದ್ಯನಲ್ಲ. ಆದರೆ ಒಂದು ಊರಿನಿಂದ ಈ ರೋಗ ಯಾವಾಗ ತೊಲಗೀತು, ಎಷ್ಟು ವರ್ಷ ಗುಳಿಗೆ ಕೊಡಬೇಕಾದೀತು ಎಂಬುದನ್ನು ಈಗ ವೈದ್ಯರ ಜೊತೆಗೆ, ರೋಗ ಹರಡುವ ಬಗೆಯನ್ನು ಗಣಿತದಲ್ಲಿ ಹಿಡಿದು ಕಂಪ್ಯೂಟರ್ ಮಾದರಿ ಕಟ್ಟುವವರೂ ಲೆಕ್ಕ ಹಾಕುತ್ತಾರೆ. ಇದು ಹೊಸದೇನಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದಕ್ಕೆ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಅವರಿಗೆ 1897ರಲ್ಲಿ ಪುರಾವೆ ಸಿಕ್ಕಿದ್ದು ಸಿಕಂದರಾಬಾದಿನಲ್ಲಿ. ಆಗ ನಮ್ಮ ಸೀಮೆಯೂ ಅದೇ ನಿಜಾಮರ ರಾಜ್ಯದಲ್ಲಿತ್ತು. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಟ್ಟದ ಕೆಳಗೆ ಇಳಿಸಿದರೆ ಸಾಕು, ರೋಗ ತಾನಾಗಿ ಕುಗ್ಗುತ್ತದೆ ಎಂದು ಅವರೇ ಮುಂದೆ ಗಣಿತದಿಂದ ತೋರಿಸಿದರು.

ಆನೆಕಾಲು ರೋಗಕ್ಕೆ ಅಂಥದೇ ಮಾದರಿಯೊಂದನ್ನು 1990ರ ದಶಕದಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ (ರೋಗ ಹರಡುವ ಕೀಟಗಳ ಸಂಶೋಧನಾ ಕೇಂದ್ರ) ಮತ್ತು ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮ್‌ನ ಸಂಶೋಧಕರು ಕೂಡಿ ಕಟ್ಟಿದರು. ಹೆಸರು ಲಿಂಫಾಸಿಮ್. ಅದರೊಳಗೆ ಇಡೀ ಒಂದು ಕಲ್ಪಿತ ಊರಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ವಯಸ್ಸು, ಬೇರೆ ಬೇರೆ ಪ್ರಮಾಣದ ಸೊಳ್ಳೆ ಕಡಿತ, ಮೈಯೊಳಗೆ ವರ್ಷಗಟ್ಟಲೆ ಬದುಕುವ ಹುಳು. ದೊಡ್ಡ ಹುಳು ದುಗ್ಧನಾಳದಲ್ಲಿ ಕೂತು ಮರಿ ಹಾಕುತ್ತದೆ, ಮರಿಗಳು ರಾತ್ರಿ ಹೊತ್ತು ರಕ್ತಕ್ಕೆ ಬರುತ್ತವೆ, ಗಟಾರದಲ್ಲಿ ಹುಟ್ಟಿದ ಕ್ಯೂಲೆಕ್ಸ್ ಸೊಳ್ಳೆ ಅವನ್ನು ಹೀರಿ ಮತ್ತೊಬ್ಬರಿಗೆ ದಾಟಿಸುತ್ತದೆ. ಗುಳಿಗೆ ಮರಿಗಳನ್ನು ಬೇಗ ಕೊಲ್ಲುತ್ತದೆ, ದೊಡ್ಡ ಹುಳುಗಳನ್ನೆಲ್ಲ ಒಂದೇ ಏಟಿಗೆ ಕೊಲ್ಲುವುದಿಲ್ಲ. ವರ್ಷವರ್ಷ ಕೊಡುವುದು ಇದಕ್ಕೇ. ಆ ಮಾದರಿಯಲ್ಲಿ ಪ್ರತಿಯೊಬ್ಬ ಮನುಷ್ಯನಿಗೂ ಇನ್ನೊಂದು ಗುಣವನ್ನು ಕೊಟ್ಟಿದ್ದಾರೆ: ಈತ ಗುಳಿಗೆ ನುಂಗುವ ಪೈಕಿಯೋ, ತಪ್ಪಿಸಿಕೊಳ್ಳುವ ಪೈಕಿಯೋ? ನನ್ನ ಮಾತೆಲ್ಲ ಇರುವುದು ಇಲ್ಲಿ.

ಒಂದು ಸಣ್ಣ ಲೆಕ್ಕ ನೋಡಿ. ಊರಿನ ನೂರು ಜನರಲ್ಲಿ ಪ್ರತಿ ಸುತ್ತಿಗೆ 65 ಮಂದಿ ನುಂಗುತ್ತಾರೆ ಎನ್ನೋಣ. ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಕನಿಷ್ಠ ಪ್ರಮಾಣವೂ ಅದೇ, ಒಟ್ಟು ಜನಸಂಖ್ಯೆಯ ಶೇ 65. ಬಿಟ್ಟ 35 ಮಂದಿ ವರ್ಷವರ್ಷ ಬೇರೆ ಬೇರೆಯವರಾದರೆ, ಎರಡು ಸುತ್ತಿನ ನಂತರ ಒಮ್ಮೆಯೂ ನುಂಗದವರು ಸುಮಾರು 12, ಮೂರು ಸುತ್ತಿಗೆ ಬರೀ 4. ಬಿಡುವವರು ಪ್ರತಿ ಸಲವೂ ಅವರೇ ಆಗಿದ್ದರೆ? ಮೂರಲ್ಲ, ಹತ್ತು ಸುತ್ತು ಮುಗಿದರೂ ಅವರು 35. ನಿಮ್ಮ ಮೇಜಿನ ಅಂಕಿ ಎರಡೂ ಕಡೆ ಶೇ 65 ಎಂದೇ ಇರುತ್ತದೆ. ಒಂದು ಊರಲ್ಲಿ ರೋಗ ಹೋಗುತ್ತದೆ, ಇನ್ನೊಂದರಲ್ಲಿ ಸೊಳ್ಳೆಗೆ ಮೇವು ಉಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಪ್ರತಿ ಸಲ ತಪ್ಪುವವರು ಯಾರು? ಗುಳೆ ಹೋದವರು. ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸದಲ್ಲಿರುವವರ ಪಾಲಿನ ಗುಳಿಗೆ ಮನೆಯಲ್ಲಿ ಉಳಿದ ಮುದುಕಿಯ ಕೈಗೆ ಬರುತ್ತದೆ, ಅಲ್ಲಿಂದ ಗೋಡೆಯ ಗೂಡಿಗೆ. ಇನ್ನು ಹೆದರುವವರು. ಮೈಯಲ್ಲಿ ಹುಳು ಇದ್ದವರಿಗೆ ಗುಳಿಗೆ ನುಂಗಿದ ಮೇಲೆ ಜ್ವರ, ತಲೆನೋವು ಬರುವುದುಂಟು. ಮರಿಗಳು ಸಾಯುವುದರಿಂದ ಹಾಗಾಗುತ್ತದೆ, ಮದ್ದು ಕೆಲಸ ಮಾಡಿದ ಗುರುತು. ಪಕ್ಕದ ಮನೆಯವರಿಗೆ ಕಾಣುವುದು ಜ್ವರ ಮಾತ್ರ. ಮುಂದಿನ ಸಲ ಅವರು ಆಶಾ ಕಾರ್ಯಕರ್ತೆಗೆ ಹೇಳುವ ಮಾತು ಒಂದೇ: “ಉಂಡ ಮ್ಯಾಲ ತಗೋತೀನಿ, ಇಟ್ಟು ಹೋಗ್ರಿ ಯವ್ವಾ.” ಹಸಿದ ಹೊಟ್ಟೆಯಲ್ಲಿ ನುಂಗಬಾರದೆಂಬುದು ನಿಯಮವೇ ಆದ್ದರಿಂದ ಆಕೆಗೆ ಬಾಯಿ ಕಟ್ಟುತ್ತದೆ. ನಾನು ಕಂಡ ಒಂದು ರಿಜಿಸ್ಟರಿನಲ್ಲಿ ಅಂಥ ಮನೆಯ ಮುಂದೆ ‘ಕೊಟ್ಟಿದೆ’ ಎಂದಿತ್ತು. ಸುಳ್ಳಲ್ಲ. ಆಕೆಯನ್ನು ಗದರಿಸಿ ಪ್ರಯೋಜನವಿಲ್ಲ, ಆಕೆಗೆ ಸಿಗುವ ಗೌರವಧನಕ್ಕೆ ಆಕೆ ಮಾಡುತ್ತಿರುವುದೇ ಹೆಚ್ಚು.

ಯಾದಗಿರಿಗೆ ಇದರಲ್ಲಿ ವಿಶೇಷ ಹಕ್ಕೂ ಇದೆ. ಡಿಇಸಿ ಮತ್ತು ಆಲ್ಬೆಂಡಜೋಲ್ ಎಂಬ ಮೊದಲಿನ ಎರಡು ಮದ್ದುಗಳ ಜೊತೆಗೆ ಎತ್ತರ ನೋಡಿ ಕೊಡುವ ಐವರ್‌ಮೆಕ್ಟಿನ್ ಸೇರಿಸಿದ ಮೂರು ಮದ್ದಿನ ಪದ್ಧತಿ ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ಪರೀಕ್ಷಿಸಿದಾಗ, ಭಾರತದ ಪಾಲು ನಡೆದದ್ದು ನಮ್ಮ ಜಿಲ್ಲೆಯಲ್ಲಿ. ಹೈಟಿ, ಫಿಜಿ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ ಮತ್ತು ಯಾದಗಿರಿ! ಎರಡು ಮದ್ದಿಗಿಂತ ಮೂರು ಮದ್ದಿನಿಂದ ಕಡಿಮೆ ಸುತ್ತುಗಳಲ್ಲಿ ರೋಗ ಹೋದೀತು ಎಂದು ಹೇಳಿದ್ದು ಮಾದರಿಗಳೇ, ಆದರೆ ಸಾಕಷ್ಟು ಜನ ನಿಜವಾಗಿ ನುಂಗಿದರೆ ಎಂಬ ಷರತ್ತಿನ ಮೇಲೆ. ನಮ್ಮವರು ತೋಳು ಚಾಚಿ ರಕ್ತ ಕೊಟ್ಟ ವಿಜ್ಞಾನದ ಆ ಷರತ್ತು ನಮ್ಮಲ್ಲೇ ಗೂಡು ಸೇರಬಾರದು.

ಕೊರೊನಾ ಕಾಲದ ಮಾದರಿಗಳ ಕಥೆ ನೆನಪಿಲ್ಲವೇ ಎಂದು ನೀವು ಕೇಳಬಹುದು. ನೆನಪಿದೆ. 2021ರ ಫೆಬ್ರುವರಿಗೆ ಸೋಂಕು ಹತೋಟಿಗೆ ಬಂದೀತು ಎಂದು 2020ರ ಅಕ್ಟೋಬರಿನಲ್ಲಿ ಸರ್ಕಾರವೇ ನೇಮಿಸಿದ ತಜ್ಞರು ಹೇಳಿದ್ದರು; ಏಪ್ರಿಲ್‌ನಲ್ಲಿ ಏನಾಯಿತೆಂಬುದನ್ನು ಕಲಬುರಗಿಯ ಆಸ್ಪತ್ರೆಗಳ ಮುಂದೆ ನಿಂತವರೆಲ್ಲ ಬಲ್ಲರು. ಮಾದರಿಯನ್ನು ಕಣ್ಣು ಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಉಣಿಸುವ ಅಂಕಿ ಸರಿಯಿರಲಿ ಎನ್ನುತ್ತೇನೆ.

ಹೀಗಾಗಿ ನನ್ನ ಕೋರಿಕೆ: ‘ಕೊಟ್ಟಿದೆ’ ಬೇರೆ, ‘ಎದುರಿಗೆ ನುಂಗಿದರು’ ಬೇರೆ, ‘ಊರಲ್ಲಿಲ್ಲ’ ಬೇರೆ, ‘ಒಲ್ಲೆ ಎಂದರು’ ಬೇರೆ ಎಂದು ಬರೆಸಿ. ಕಳೆದ ಸಲವೂ ಬಿಟ್ಟವರೇ ಈ ಸಲವೂ ಬಿಟ್ಟರೇ ಎಂಬುದು ಆ ಪುಟದಲ್ಲೇ ಕಾಣಲಿ. ಸುತ್ತು ಮುಗಿದ ಮೇಲೆ ಯಾದಗಿರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಆಯ್ದ ಊರುಗಳಲ್ಲಿ ಮರು ಎಣಿಕೆ ಮಾಡಲಿ, ಹೆಸರುಗಳನ್ನು ತೆಗೆದು ಊರುವಾರು ಅಂಕಿ ಪ್ರಕಟವಾಗಲಿ. ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದಾಗ ಅವರಿಗಾಗಿಯೇ ಇನ್ನೊಂದು ದಿನ ಇಡಿ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಎರಡು ಮೂರು ಜನರ ಒಂದು ತಂಡವನ್ನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಕೂರಿಸಿದರೆ, ನಮ್ಮ ಅಂಕಿಯಿಂದ ನಮ್ಮ ಊರುಗಳ ಮಾದರಿಯನ್ನು ನಮ್ಮ ಹುಡುಗರೇ ಓಡಿಸುತ್ತಾರೆ. ರಸ್ತೆ, ಕಟ್ಟಡಗಳ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬಾರದು; ಉದ್ಘಾಟನೆಗೆ ಟೇಪು ಕತ್ತರಿಸುವ ಅವಕಾಶವಿಲ್ಲ ಎಂಬುದೊಂದೇ ಕೊರತೆ.

2027ರೊಳಗೆ ಈ ರೋಗವನ್ನು ನಿರ್ಮೂಲ ಮಾಡುವುದಾಗಿ ಕೇಂದ್ರ ಹೇಳಿದೆ. ಕೊನೆಗೆ ಪರೀಕ್ಷೆ ನಡೆಯುವುದು ಆರೇಳು ವರ್ಷದ ಶಾಲೆ ಮಕ್ಕಳ ರಕ್ತದಲ್ಲಿ, ಅಲ್ಲಿ ರಿಜಿಸ್ಟರು ಸಾಕ್ಷಿ ಹೇಳುವುದಿಲ್ಲ. ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಗುಳಿಗೆಯ ಅಂಕಿ ಓದಿದಾಗ ದಯವಿಟ್ಟು ನಡುವೆ ತಡೆದು ಕೇಳಿ: ನುಂಗಿದವರೆಷ್ಟು, ಸತತ ಎರಡು ಸಲ ಬಿಟ್ಟವರೆಷ್ಟು, ಯಾವ ಊರಲ್ಲಿ?

ಇಂತಿ ತಮ್ಮ ವಿಶ್ವಾಸಿ,
ಸುರಪುರ ತಾಲ್ಲೂಕಿನ ಒಬ್ಬ ಕಾಲೇಜು ಮಾಸ್ತರ