ಅಜ್ಜಿಯ ಸೀರೆಯ ಅಂಚು

ಬದಿಯಡ್ಕ,
ಆಟಿ ತಿಂಗಳು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಅಮ್ಮನ ಕೈ ಮುರಿದು 18 ದಿನ ಕಳೆದ ಮೇಲೆ, ಅದೂ ನೆರೆಮನೆಯವರ ಬಾಯಿಂದ ನನಗೆ ಗೊತ್ತಾಗಬೇಕೇ ಎಂದು ನೀನು ಮೊನ್ನೆ ಸಿಟ್ಟಾದಾಗ, ಫೋನನ್ನು ನಿನ್ನ ಅಪ್ಪನ ಕೈಗಿತ್ತು ನಾನು ಒಳಗೆ ಹೋದದ್ದು ತಪ್ಪು. ನಿನ್ನ ಬಡ್ತಿಯ ಸಂದರ್ಶನ ಮುಗಿಯಲಿ ಎಂದು ಕಾದಿದ್ದೆ. ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಅಷ್ಟೆತ್ತರಕ್ಕೆ ಏರುವಾಗ ನನ್ನ ಕೈಯ ಸುದ್ದಿ ಅಡ್ಡ ಬರುವುದು ಬೇಡವಾಗಿತ್ತು. ಮುರಿದದ್ದು ಎಡಗೈ, ಬರೆಯಲು ತೊಂದರೆಯಿಲ್ಲ.

ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯಿಂದ ಕಾಲು ಜಾರಿ ಹಾವಸೆಯ ಮೇಲೆ ಕೈಯೂರಿ ಕುಳಿತೆ, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಡಾಕ್ಟರಿಗೆ ಸಂಶಯ ಬಂದದ್ದೇ ಅದರಿಂದ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್, ಎಂದರೆ ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ಕಾಯಿಲೆ; ನನ್ನದು -2.9. ಊರವರು ಇದನ್ನೂ ಮೊಣಗಂಟಿನ ನೋವನ್ನೂ 'ಎಲುಬು ಸವೆತ' ಎಂದೇ ಕರೆಯುತ್ತಾರೆ, ಆದರೆ ಇದು ಮುರಿಯುವ ತನಕ ನೋಯುವುದಿಲ್ಲ.

ಆ ದಿನದಿಂದ ನಿನ್ನ ಅಜ್ಜಿಯ ಸೀರೆಯೇ ನನ್ನ ಕಣ್ಣೆದುರಿಗಿದೆ. ಅರುವತ್ತು ದಾಟಿದ ಮೇಲೆ ಅವರ ಸೀರೆಯ ಅಂಚು ನೆಲಕ್ಕೆ ತಾಗತೊಡಗಿತು. ಸೊಂಟದಲ್ಲಿ ಒಂದು ಮಡಿಕೆ ಹೆಚ್ಚಾಗಿ ಸಿಕ್ಕಿಸಿದರು, ಕೆಲವು ವರ್ಷಗಳಲ್ಲಿ ಎರಡು, ಆಮೇಲೆ ಮೂರು. "ಈಗಿನ ಸೀರೆಗಳಿಗೆ ಅಗಲ ಜಾಸ್ತಿ" ಎಂದು ಅಂಗಡಿಯವನನ್ನು ಬೈದರು, ನಾವು ನಕ್ಕೆವು. ಉಪ್ಪಿನಕಾಯಿ ಭರಣಿಗೆ ಕೈ ಎಟುಕದಾದಾಗ ಇಷ್ಟು ಮೇಲೆ ಇಟ್ಟವರು ಯಾರೆಂದು ಗದರಿದರು, ಇಟ್ಟವರು ಅವರೇ. ಬೆನ್ನುಮೂಳೆಯ ಮಣಿಗಳು ಸದ್ದಿಲ್ಲದೆ ಒಂದೊಂದಾಗಿ ಕುಸಿದು ಅವರೇ ಗಿಡ್ಡವಾಗುತ್ತಿದ್ದುದು ಯಾರಿಗೂ ಹೊಳೆಯಲಿಲ್ಲ. ದಿನಾ ಅವರಿಗೆ ಸೀರೆ ಉಡಿಸುತ್ತಿದ್ದ ನನಗೂ ಹೊಳೆಯಲಿಲ್ಲ. ಸೊಂಟ ಮುರಿದ ಮೇಲಿನದು ನಿನಗೂ ನೆನಪಿದೆ, ಬರೆಯುವುದಿಲ್ಲ.

ತಾಯಿಯ ಸೊಂಟ ಮುರಿದಿದ್ದರೆ ಮಗಳಿಗೂ ಅಪಾಯ ಹೆಚ್ಚಂತೆ. ಅದರ ಮೇಲೆ, ಉಬ್ಬಸಕ್ಕೆಂದು ನಾನು ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದ್ದೇನೆ. 41ರಲ್ಲಿ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರು. ಎಲುಬು ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವಂಥದ್ದು. ಕರಗುವುದಕ್ಕೆ ಕಡಿವಾಣ ಹಾಕುವ ಈಸ್ಟ್ರೊಜೆನ್ ಎಂಬ ಅಂಡಾಶಯದ ಹಾರ್ಮೋನು ಮುಟ್ಟು ನಿಂತಾಗ ಎಲ್ಲರಿಗೂ ಇಳಿಯುತ್ತದೆ, ನನಗೆ ಒಂದೇ ದಿನದಲ್ಲಿ ಇಳಿಯಿತು. ಮೊದಲ 5-7 ವರ್ಷಗಳಲ್ಲಿ ಕೆಲವರ ಎಲುಬು ಶೇಕಡಾ 20ರಷ್ಟು ಕರಗುವುದುಂಟು. ಇನ್ನು ತಿಂಗಳ ರಗಳೆಯಿಲ್ಲ ಎಂದು ನಾನು ಹಿಗ್ಗಿದ್ದೆ. ಎಲುಬಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಉಪದೇಶ ಮಾಡಬಾರದೆಂದೇ ಪೆನ್ನು ಹಿಡಿದೆ, ಆದರೂ ಕೇಳು. ಎಲುಬಿನ ಉಳಿತಾಯದ ಗಂಟು ಬೆಳೆಯುವುದು 30ರ ಆಸುಪಾಸಿನವರೆಗೆ ಮಾತ್ರ, ನಿನಗೀಗ 28. ತೆಳ್ಳಗಾಗಬೇಕೆಂದು ರಾತ್ರಿಯೂಟ ಬಿಡಬೇಡ. ತೀರಾ ತೆಳ್ಳಗಿನವರ ಎಲುಬೇ ಬೇಗ ಮುರಿಯುವುದು. ನನ್ನ ವಯಸ್ಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನೂರು ಗ್ರಾಂ ರಾಗಿಯಲ್ಲಿ 350ರಷ್ಟಿದೆ, ಬೆಂಗಳೂರಿನಲ್ಲಿದ್ದೂ ನೀನು ರಾಗಿ ಮುಟ್ಟುವುದಿಲ್ಲ. ಬಿಸಿಲಿಗೆ ಹೋಗು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತು; ಈಜು ಒಳ್ಳೆಯದೇ, ಆದರೆ ಎಲುಬು ಗಟ್ಟಿಯಾಗಲು ಅದರ ಮೇಲೆ ಮೈಭಾರ ಬೀಳಬೇಕು. ಸಿಗರೇಟಿನ ವಿಷಯ ಬರೆಯುವ ಅಗತ್ಯವಿಲ್ಲವೆಂದು ನಂಬಿದ್ದೇನೆ.

ದಾರಂದದಲ್ಲಿ ನೀನು ಬೆಳೆದ ಗೆರೆಗಳ ಪಕ್ಕದಲ್ಲಿ ಅಪ್ಪ ಈಗ ನನ್ನ ಎತ್ತರಕ್ಕೂ ಒಂದು ಗೆರೆ ಎಳೆದಿದ್ದಾರೆ. ಡಾಕ್ಟರು ವಾರಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ಅದನ್ನು ನುಂಗಿ, ಅರ್ಧ ಗಂಟೆ ಮಲಗದೆ, ಚಹಾವನ್ನೂ ಕುಡಿಯದೆ ನೆಟ್ಟಗೆ ಕುಳಿತಿರಬೇಕು. ಆ ಹೊತ್ತಿಗೆ ಫೋನ್ ಮಾಡು, ಈ ಸಲ ಅಪ್ಪನ ಕೈಗೆ ಕೊಡುವುದಿಲ್ಲ.

ನಿನ್ನ
ಅಮ್ಮ