ಸಿಂಗಾಪುರಕ್ಕೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ಸಿಂಗಾಪುರದಲ್ಲಿ ಕೆಲಸ ಸಿಕ್ಕಿತು ಅಂತ ನೀನು ಹೇಳಿದಾಗಿನಿಂದ ನನಗೆ ಆ ಊರಿನದೇ ಧ್ಯಾನ. ಮೀನುಗಾರರ ಹಳ್ಳಿಯೊಂದು ರಾತ್ರೋರಾತ್ರಿ ಮಹಾನಗರವಾಯಿತು ಅಂತಾರಲ್ಲ, ಅದನ್ನು ನಂಬಬೇಡ. ಅಲ್ಲಿನ ಫೋರ್ಟ್ ಕ್ಯಾನಿಂಗ್ ಗುಡ್ಡ ಅಗೆದಾಗ 14ನೇ ಶತಮಾನದ ಚೀನೀ ಪಿಂಗಾಣಿ ಚೂರುಗಳು ಸಿಕ್ಕಿವೆ. ಊರಿಗೆ ತೆಮಾಸೆಕ್ ಅನ್ನುವ ಹೆಸರಿದ್ದ ಕಾಲದಲ್ಲೇ ವ್ಯಾಪಾರ ಇತ್ತು. ನಡುವೆ ಮಂಕಾಯಿತು, ಅಷ್ಟೇ.

1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರಾಫೆಲ್ಸ್ ಬಂದಿಳಿದ. ಭಾರತ, ಚೀನಾ ನಡುವೆ ಓಡಾಡುವ ಹಾಯಿಹಡಗುಗಳು ಮಲಾಕ್ಕಾ ಜಲಸಂಧಿ ದಾಟಬೇಕು, ಗಾಳಿ ತಿರುಗುವವರೆಗೆ ಎಲ್ಲಾದರೂ ಕಾಯಬೇಕು. ಅಂಥ ಆಯಕಟ್ಟಿನ ಜಾಗದಲ್ಲಿ ಸರಕಿಗೆ ಸುಂಕವೇ ಇಲ್ಲ ಅಂದುಬಿಟ್ಟರು. ಡಚ್ಚರ ಬಂದರುಗಳಲ್ಲಿ ಸುಂಕ ಕಟ್ಟಿ ಬೇಸತ್ತವರು ಇತ್ತ ತಿರುಗಿದರು.

ಸುಂಕ ಇಲ್ಲದೆ ಆಡಳಿತಕ್ಕೆ ದುಡ್ಡು ಎಲ್ಲಿಂದ ಬಂತು? ಇದನ್ನು ಯಾರೂ ಜಾಸ್ತಿ ಕೇಳುವುದಿಲ್ಲ. ದೊಡ್ಡ ಪಾಲು ಬಂದದ್ದು ಅಫೀಮು ಮಾರುವ ಹಕ್ಕನ್ನು ಗುತ್ತಿಗೆಗೆ ಕೊಟ್ಟದ್ದರಿಂದ. ಚೀನಾದಿಂದ ಬಂದ ಕೂಲಿಯಾಳುಗಳು ದೋಣಿಯಿಂದ ದಡಕ್ಕೆ ಹಾಸಿದ ಕಿರಿದಾದ ಹಲಗೆಯ ಮೇಲೆ, ಬೆನ್ನು ಬಾಗುವಷ್ಟು ಭಾರದ ಮೂಟೆ ಹೊತ್ತು ಹಗಲೆಲ್ಲ ನಡೆಯುತ್ತಿದ್ದರು, ಸಂಜೆ ಮೈನೋವು ಮರೆಯಲು ಎಷ್ಟೋ ಜನ ಅಫೀಮು ಸೇದುತ್ತಿದ್ದರು, ಅವರು ಸೇದಿದ ಆ ದುಡ್ಡಿನಲ್ಲೇ ಊರು ನಡೆಯುತ್ತಿತ್ತು. ಓದಿದಾಗ ನನಗೆ ತುಂಬಾ ಸಂಕಟವಾಯಿತು.

ಇನ್ನು ನಮ್ಮ ದೇಶದವರು. 1825ರಿಂದ ಭಾರತದ ಕೈದಿಗಳನ್ನು ಅಲ್ಲಿಗೆ ಸಾಗಿಸಿದರು. ರಸ್ತೆ ಹಾಕಿದ್ದು, ಕಾಡು ಕಡಿದದ್ದು ಅವರೇ. ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಕಟ್ಟಿದ್ದೂ ಅವರೇ. ಅದರ ಗೋಡೆ ಹತ್ತಿರದಿಂದ ನೋಡು. ಸುಣ್ಣ, ಮೊಟ್ಟೆಯ ಬಿಳಿ, ಒರಟು ಸಕ್ಕರೆ ಸೇರಿಸಿ, ತೆಂಗಿನ ಸಿಪ್ಪೆ ನೆನೆಸಿದ ನೀರಲ್ಲಿ ಕಲಸಿದ ಗಾರೆ ಅದಕ್ಕೆ ಬಳಿದಿದ್ದರು ಅಂತ ಹೇಳುತ್ತಾರೆ. ಮದ್ರಾಸ್ ಕಡೆಯ ಕೈಚಳಕ.

ಯುದ್ಧ, ಜಪಾನಿಯರ ಆಳ್ವಿಕೆ ಎಲ್ಲ ನಿನಗೆ ಗೊತ್ತೇ ಇದೆ. 1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಬೇರೆಯಾದಾಗ ಕುಡಿಯುವ ನೀರಿಗೂ ಪಕ್ಕದ ಜೋಹೋರನ್ನು ನೆಚ್ಚಿಕೊಂಡ ಪುಟ್ಟ ದೇಶ ಅದು. ಕೆಲಸವಿಲ್ಲದವರು ಬಹಳ. ಬ್ರಿಟಿಷ್ ಸೇನೆಯೂ ಜಾಗ ಖಾಲಿ ಮಾಡುತ್ತೇನೆ ಅಂದಿತು.

ಆ ವರ್ಷಗಳಲ್ಲಿ ಅಲ್ಲಿನ ಸರ್ಕಾರ ಹಿಡಿದ ಕೆಲಸಗಳು ನನಗೆ ಇಷ್ಟ. ಮನೆಯ ವಿಷಯವನ್ನೇ ತಗೋ. ಬೇರೆಯಾಗುವುದಕ್ಕೂ ಮೊದಲೇ, 1961ರಲ್ಲಿ, ಬುಕಿತ್ ಹೋ ಸ್ವೀ ಅನ್ನುವ ಗುಡಿಸಲುಗಳ ಬಡಾವಣೆಗೆ ಬೆಂಕಿ ಬಿದ್ದು ಸುಮಾರು 16,000 ಜನ ಬೀದಿಗೆ ಬಂದರು. ಅದರ ಹಿಂದಿನ ವರ್ಷವಷ್ಟೇ ಶುರುವಾಗಿದ್ದ ವಸತಿ ಮಂಡಳಿ ಅದೇ ಜಾಗದಲ್ಲಿ ಫ್ಲ್ಯಾಟ್ ಕಟ್ಟಿತು. ಇವತ್ತು ಅಲ್ಲಿ ನೆಲೆಸಿರುವ ಹತ್ತರಲ್ಲಿ ಸುಮಾರು ಎಂಟು ಜನ ಇರುವುದು ಆ ಮಂಡಳಿಯ ಮನೆಗಳಲ್ಲೇ. ಎತ್ತರದ ಹೋಟೆಲುಗಳಿಗಿಂತ ಇದು ದೊಡ್ಡ ಸಾಧನೆ ಅಂತ ನನ್ನ ಅಭಿಪ್ರಾಯ.

ಬಂದರಿನಲ್ಲೂ ಹಾಗೇ. 1972ರಲ್ಲಿ ತಂಜೋಂಗ್ ಪಗಾರ್‌ಗೆ ಮೊದಲ ಕಂಟೇನರ್ ಹಡಗು ಬಂದಾಗ ಆಗ್ನೇಯ ಏಷ್ಯಾದಲ್ಲಿ ಬೇರೆಲ್ಲೂ ಅಂಥ ಬಂದರು ಇರಲಿಲ್ಲ. ಹಲಗೆಯ ಮೇಲಿನ ನಡಿಗೆಯ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. 1977ರಿಂದ ಹತ್ತು ವರ್ಷ ಹಿಡಿದು ಊರಿನ ನಡುವಿನ ಸಿಂಗಾಪುರ ನದಿಯನ್ನು ತೊಳೆದರು. ಹಂದಿ ಸಾಕುವವರನ್ನು, ಬೀದಿ ವ್ಯಾಪಾರಿಗಳನ್ನು, ಕೊನೆಗೆ ಮುಂಭಾಗದಲ್ಲಿ ಕಣ್ಣು ಬಿಡಿಸಿದ ಆ ಸರಕಿನ ದೋಣಿಗಳನ್ನೂ ಎತ್ತಂಗಡಿ ಮಾಡಿದರು. ನದಿ ಚೊಕ್ಕಟವಾಯಿತು. ಆದರೆ ಹಳೇ ಕಸುಬು ಬಿಟ್ಟು ಹೋದವರಿಗೆ ಅದು ಸುಲಭವಾಗಿರಲಿಲ್ಲ, ಅಲ್ವಾ?

ಈಗಲೂ ಅಲ್ಲಿ ಕಟ್ಟಡ ಕಟ್ಟುವವರಲ್ಲಿ ಬಾಂಗ್ಲಾದೇಶದವರು, ತಮಿಳುನಾಡಿನವರು ಬಹಳ. ಲಾರಿಯ ಹಿಂದೆ ಕೂತು ಕೆಲಸಕ್ಕೆ ಹೋಗುತ್ತಾರೆ, ಊರಾಚೆಯ ಡಾರ್ಮಿಟರಿಗಳಲ್ಲಿ ಮಲಗುತ್ತಾರೆ, ಭಾನುವಾರ ಲಿಟಲ್ ಇಂಡಿಯಾದಲ್ಲಿ ಸೇರುತ್ತಾರೆ. ನೀನೂ ಅಲ್ಲಿಗೆ ತರಕಾರಿಗೆ ಅಂತ ಹೋಗೇ ಹೋಗುತ್ತೀಯ. ನಿನಗೆ ತಮಿಳು ಬರುತ್ತದೆ, ಅವರನ್ನು ಮಾತಾಡಿಸು.

ನಿನ್ನ
ಅಪ್ಪ